ಮೇಲಿನ ಬಂಕು, ಕೆಳಗಿನ ಬಂಕು

ಪೆಟ್ರೋಲ್ ಬಂಕಿನಲ್ಲಿ ಕೆಲಸ ಮಾಡುವವನು ತಮಾಷೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಹಾರ್ನ್ ಹಾಕಿಕೊಂಡು ಬಂದು ಎದುರು ನಿಲ್ಲುತ್ತವೆ. ನಾನು ಕೊಪ್ಪದಲ್ಲಿ, ಶೃಂಗೇರಿ ರಸ್ತೆಯ ಏರಿನ ನೆತ್ತಿಯಲ್ಲಿರುವ ಮೇಲಿನ ಬಂಕಿನ ಮ್ಯಾನೇಜರ್. ಹೆಚ್ಚು ಮಾತಾಡುವವನಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಗಾಜಿನ ಕೋಣೆಯಲ್ಲಿ ಕೂತು ಓದುತ್ತೇನೆ. ಈಚೆಗೆ ಓದುವ ಹೊತ್ತು ಜಾಸ್ತಿಯಾಗಿತ್ತು. ಕಾರಣ, ಇಳಿಜಾರಿನ ಬುಡದಲ್ಲಿ ಶುರುವಾದ ಕೆಳಗಿನ ಬಂಕು.

ಅದು ಬೇರೆ ಕಂಪನಿಯದು. ಬೆಲೆ ಎರಡು ಕಡೆಯೂ ಹೆಚ್ಚುಕಡಿಮೆ ಒಂದೇ. ಎರಡಕ್ಕೂ ಟ್ಯಾಂಕರ್ ಬರುವುದು ಘಟ್ಟದ ಕೆಳಗಿನ ಒಂದೇ ಡಿಪೋದಿಂದ. ಮೊದಮೊದಲು ಇದನ್ನು ನಾನು ಹೇಳುತ್ತಿದ್ದೆ. ನೂರಕ್ಕೆ ಹಾಕಿಸಿದರೆ ಮೋಸ, ನೂರಹತ್ತಕ್ಕೆ ಹಾಕಿಸಿದರೆ ಸರಿ ಎಂದು ನಂಬಿದವರಿಗೆ ಡಿಪೋದ ಮಾತು ರುಚಿಸಲಿಲ್ಲ. ಬಿಟ್ಟೆ.

ದಸರಾ ಮುಗಿದ ಮೇಲೆ ಮಾಲೀಕರು ಬಂದು, "ಎರಡು ಪಂಪಿಗೆ ಇಬ್ಬರು ಬೇಡ. ವ್ಯಾಪಾರ ಹೀಗೇ ಆದರೆ ಹೊಸ ವರ್ಷದಿಂದ ಒಬ್ಬರೇ ಸಾಕು" ಎಂದರು. ಒಂದನೇ ಪಂಪಿನವನು ಹಳಬ. ಎರಡನೇ ಪಂಪಿನಲ್ಲಿದ್ದದ್ದು ಬಸರೀಕಟ್ಟೆಯಿಂದ ದಿನವೂ ಮೊದಲ ಬಸ್ಸಿಗೆ ಬರುವ ಒಬ್ಬ ಹೆಂಗಸು, ಕೆಲಸಕ್ಕೆ ಎಲ್ಲರಿಗಿಂತ ಕಡೆಗೆ ಸೇರಿದವಳು. ಹೋಗಬೇಕಾದವರು ಯಾರೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಆಕೆ ಅಂದೂ ಎಂದಿನಂತೆ "ಜೀರೋ ನೋಡಿ" ಎನ್ನುತ್ತ ಕೆಲಸ ಮಾಡಿದಳು. ಸಂಜೆ ಹೊರಡುವಾಗ ಮಾತ್ರ, "ಸರ್, ಗಿರಾಕಿ ವಾಪಸ್ ಬಂದ್ರೆ ಮಾಲೀಕರು ಮನಸ್ಸು ಬದಲಿಸ್ತಾರಾ?" ಎಂದು ಕೇಳಿದಳು.

"ಬದಲಿಸಬಹುದು" ಎಂದೆ.

ಆಮೇಲೆ ಆಕೆ ಒಬ್ಬ ಗಿರಾಕಿಯನ್ನೂ ಮಾತಾಡಿಸದೆ ಬಿಡಲಿಲ್ಲ.

ತಳ್ಳುವ ದಿನ

ಸೀತೂರು ಕಡೆಯ ಅಣ್ಣತಮ್ಮಂದಿರು ಪಾಲಾದರು. ಎಲ್ಲ ಹಂಚಿಯಾಯಿತು, ಹಳೇ ವ್ಯಾನೊಂದು ಹಂಚಿಕೆಗೆ ಬರಲಿಲ್ಲ. ತಿಂಗಳಿಗೊಬ್ಬರು ಇಟ್ಟುಕೊಳ್ಳುವುದೆಂದಾಯಿತು. ಅಣ್ಣ ಅಪ್ಪನ ಕಾಲದಿಂದ ನಡೆದು ಬಂದಿದ್ದ ನಮ್ಮ ಬಂಕನ್ನೇ ಹಿಡಿದರು. ಅದೇ ಕಾರಣಕ್ಕೆ ತಮ್ಮ ಕೆಳಗಿನದಕ್ಕೆ ಹೋದರು. ಒಂದು ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಅಭಿಪ್ರಾಯ: ಎರಡು ಕಂಪನಿಯ ಪೆಟ್ರೋಲು ಒಂದೇ ಟ್ಯಾಂಕಿನಲ್ಲಿ ಬೆರೆಯಬಾರದು.

ಹಾಗಾಗಿ ಕೈ ಬದಲಾಗುವ ದಿನ ಇಬ್ಬರೂ ವ್ಯಾನಿನಲ್ಲಿ ಕೂತು, ಟ್ಯಾಂಕು ಬರಿದಾಗುವವರೆಗೆ ಪೇಟೆಯಲ್ಲಿ ಓಡಿಸುತ್ತಾರೆ. ನಿಂತಲ್ಲಿಂದ ಯಾರ ತಿಂಗಳೋ ಅವರ ಬಂಕಿಗೆ ಇಬ್ಬರೂ ಸೇರಿ ತಳ್ಳುತ್ತಾರೆ. ಪಾಲಾದ ಮೇಲೆ ಮಾತು ಬಿಟ್ಟ ಅವರಿಬ್ಬರನ್ನು ಒಟ್ಟಿಗೆ ನೋಡಲು ಸಿಗುವುದು ಆ ದಿನ ಮಾತ್ರ.

ಒಮ್ಮೆ ವ್ಯಾನು ಇಳಿಜಾರಿನ ಬುಡದಲ್ಲೇ ನಿಂತಿತು. ತಿಂಗಳು ಅಣ್ಣನದು, ಆದ್ದರಿಂದ ಏರು ಹತ್ತಿಸಬೇಕು. ಅಣ್ಣ ಬಾಗಿಲ ಬಳಿ ಸ್ಟೇರಿಂಗ್ ಹಿಡಿದು, ತಮ್ಮ ಹಿಂದಿನಿಂದ, ಇಬ್ಬರೂ ಬೆವರಿನಲ್ಲಿ ಮಿಂದು ಬಂದು ಮುಟ್ಟಿದರು.

"ಅಂತೂ ಅಣ್ಣತಮ್ಮ ಮಾತಾಡಿದ್ರಿ ಅನ್ನಿ ಗೌಡ್ರೇ" ಎಂದಳು ನಮ್ಮ ಎರಡನೇ ಪಂಪಿನವಳು.

"ಮಾತೆಲ್ಲಿಂದ ಬಂತು? ತಳ್ಳಕ್ಕೆ ಮಾತು ಬೇಡ" ಎಂದರು ಅಣ್ಣ.

ಆಕೆ ವ್ಯಾನಿನೊಳಗೆ ಬಗ್ಗಿ ನೋಡಿದಳು. "ಹ್ಯಾಂಡ್‌ಬ್ರೇಕ್ ಅರ್ಧ ಹಾಕೇ ಇದೆಯಲ್ಲ."

ಅಣ್ಣನ ಮುಖ ಕೆಂಪಾಯಿತು. ತಮ್ಮ ಹಿಂದಿನಿಂದಲೇ, ಅಣ್ಣನಿಗಲ್ಲ, ಆಕೆಗೆ ಹೇಳಿದರು: "ನಂಗೆ ಅಲ್ಲಿ ಬುಡದಲ್ಲೇ ಗೊತ್ತಾಗಿತ್ತು ಮಾರಾಯ್ತಿ. ಹೇಳ್ಬೇಕು ಅಂದ್ರೆ ಮಾತಾಡ್ಬೇಕಲ್ಲ."

ಗಾಳಿ

ಅಡ್ಡಗದ್ದೆಯ ನಿವೃತ್ತ ಮೇಷ್ಟ್ರೊಬ್ಬರು ಕಾರು ನಿಲ್ಲಿಸಿ ಗಾಳಿ ಮಾತ್ರ ಹಿಡಿಸಿಕೊಂಡರು. ಗಾಳಿ ನಮ್ಮಲ್ಲಿ ಪುಕ್ಕಟೆ.

"ಪೆಟ್ರೋಲ್ ಬೇಡ್ವಾ ಮೇಷ್ಟ್ರೇ?" ಎಂದಳು ಆಕೆ.

"ಬೇಡ. ತೀರ್ಥಹಳ್ಳೀಲಿ ಲೀಟರಿಗೆ ಕೆಲವು ಪೈಸೆ ಕಮ್ಮಿ ಅಂತೆ. ಅದು ಬೇರೆ ಜಿಲ್ಲೆ ನೋಡು."

"ಮತ್ತೆ ಗಾಳಿ?"

"ಗಾಳಿಗೆ ಜಿಲ್ಲೆ ಇಲ್ಲ" ಎಂದು ಹೊರಟೇಬಿಟ್ಟರು.

ಸಂಜೆ ಅದೇ ಕಾರು ತಿರುಗಿ ಬಂತು. ಈ ಸಲ ಪಂಪಿನ ಎದುರು ನಿಂತಿತು.

"ಒಂಚೂರು ಹಾಕು. ಫುಲ್ ಆಗುವಷ್ಟು."

"ಎಂತ ಮೇಷ್ಟ್ರೇ, ತೀರ್ಥಹಳ್ಳೀಲಿ ಸ್ಟಾಕ್ ಇರ್ಲಿಲ್ವಾ?"

"ಇತ್ತು. ಫುಲ್ ಮಾಡಿಸಿದೆ. ಇಲ್ಲಿಗೆ ಬರುವಷ್ಟರಲ್ಲಿ ಮೀಟರ್ ಮುಳ್ಳು ಇಳೀತು. ಮನೆ ಮುಟ್ಟುವಾಗ ಫುಲ್ ಇಲ್ದಿದ್ರೆ, ಅಷ್ಟು ದೂರ ಎಂತಕ್ಕೆ ಹೋಗಿದ್ದು ಅಂತ ನಮ್ಮನೆಯವಳು ಕೇಳ್ತಾಳೆ."

ಕೆಮ್ಮು

ಆದರೆ ಗೌಡರು ತಿಂಗಳು ಬಿಟ್ಟು ತಿಂಗಳು ಬರುವವರು, ಮೇಷ್ಟ್ರು ಮುಳ್ಳು ಇಳಿದಾಗ ಬರುವವರು. ಬಂಕು ನಡೆಯುವುದು ಆಟೋದವರಿಂದ. ದಿನವೂ ಹಾಕಿಸುವವರು ಅವರೇ. ಅವರ ಸ್ಟ್ಯಾಂಡಿಗೊಬ್ಬ ಹಿರಿಯ. ಅವನು ಎಲ್ಲಿ ಹಾಕಿಸುತ್ತಾನೋ ಇಡೀ ಸ್ಟ್ಯಾಂಡು ಅಲ್ಲಿ ಹಾಕಿಸುತ್ತದೆ. ಅವನು ಮಳೆಗಾಲದಲ್ಲಿ ನಮ್ಮನ್ನು ಬಿಟ್ಟು ಕೆಳಗೆ ಹೋಗಿದ್ದ. ಎರಡನೇ ಪಂಪಿಗೆ ಕುತ್ತು ಬಂದದ್ದೇ ಅದರಿಂದ.

ಒಂದು ದಿನ ಯಾರನ್ನೋ ನಮ್ಮ ಬಂಕಿನೆದುರು ಇಳಿಸಲು ಬಂದವನನ್ನು ಆಕೆ ಹಿಡಿದಳು.

"ಅಣ್ಣ, ನಮ್ಮ ಕಡೆ ಬರೋದೇ ಬಿಟ್ರಲ್ಲ."

"ನಿಮ್ಮ ಪೆಟ್ರೋಲಲ್ಲಿ ನೀರು ತಂಗಿ. ಏರು ಬಂದ ಕೂಡ್ಲೆ ಆಟೋ ಕೆಮ್ಮುತ್ತೆ."

"ಟ್ಯಾಂಕಿನ ಮುಚ್ಚಳ ಎಲ್ಲಿ? ಬಟ್ಟೆ ತುರುಕಿದ್ದೀರಿ."

"ಬಿದ್ದುಹೋಯ್ತು. ಆರಿದ್ರಾ ಮಳೇಲಿ."

"ಕೆಮ್ಮು ಶುರುವಾಗಿದ್ದು?"

"ಅದರ ಮುಂದಿನ ಪುನರ್ವಸು ಮಳೇಲಿ."

"ಮತ್ತೆ ನೀರು ಎಲ್ಲಿಂದ ಬಂತು ಅಂತೀರಿ?"

ಅವನು ನಿಜವಾಗಿಯೂ ಯೋಚಿಸಿದ. "ಕಂಪನಿಯಿಂದ" ಎಂದ.

"ಕೆಳಗಿನ ಬಂಕಿನ ಪೆಟ್ರೋಲ್ ಹಾಕಿದ್ರೆ ಕೆಮ್ಮಲ್ವಾ?"

"ಕೆಮ್ಮುತ್ತೆ. ಆದ್ರೆ ಆ ಕೆಮ್ಮೇ ಬೇರೆ."

ಬಿಳಿ ಕಂಪನಿ

ದೀಪಾವಳಿಗೆ ಮುಂಚೆ ನಮ್ಮ ಬಂಕಿಗೆ ಬಣ್ಣ ಹೊಡೆಯುವವರು ಬಂದರು. ಬೋರ್ಡು ಇಳಿಸಿ, ಚಾವಣಿಗೂ ಕಂಬಗಳಿಗೂ ಬಿಳಿ ಪ್ರೈಮರ್ ಬಳಿದು, ಹಬ್ಬಕ್ಕೆಂದು ಊರಿಗೆ ಹೋದವರು ಕಾರ್ತಿಕ ಮುಗಿಯುತ್ತ ಬಂದರೂ ತಿರುಗಿ ಬರಲಿಲ್ಲ. ಬಂಕು ಹೆಸರಿಲ್ಲದೆ, ಬೆಳ್ಳಗೆ ನಿಂತಿತು.

ಮೇಲಿನ ಬಂಕನ್ನು ಯಾವುದೋ ಹೊಸ ಕಂಪನಿ ತೆಗೆದುಕೊಂಡಿತಂತೆ ಎಂದು ಊರಲ್ಲಿ ಮಾತಾಯಿತು. ಹೊರದೇಶದ್ದಂತೆ ಎಂದು ಎನ್.ಆರ್. ಪುರದಿಂದ ಬಂದವರೊಬ್ಬರು ನನಗೇ ಹೇಳಿದರು.

ಆಟೋ ಸ್ಟ್ಯಾಂಡಿನ ಹಿರಿಯ ಬಂದ. "ಯಾವ ಕಂಪನಿ ತಂಗಿ?"

"ಅದೇ ಅಣ್ಣ. ಮೊದಲಿನದ್ದೇ."

"ಹೇಳ್ಬಾರ್ದು ಅಂತ ಹೇಳಿರ್ತಾರೆ, ಇರ್ಲಿ. ನೂರಹತ್ತಕ್ಕೆ ಹಾಕು, ನೋಡಣ."

ಮರುದಿನ ಬೆಳಿಗ್ಗೆ ಮತ್ತೆ ಬಂದ. "ಪೆಟ್ರೋಲ್ ಅಂದ್ರೆ ಇದು. ಏರು ಬಂದಿದ್ದೇ ಗೊತ್ತಾಗ್ಲಿಲ್ಲ." ಅವನ ಹಿಂದೆ ನಾಲ್ಕು ಆಟೋ ಇದ್ದವು. ವಾರದೊಳಗೆ ಇಡೀ ಸ್ಟ್ಯಾಂಡು ಬಂತು. ನನಗೆ ಓದಲು ಹೊತ್ತು ಸಿಗದಾಯಿತು. ಆಕೆ ಸಂಜೆಯ ಬಸ್ಸು ಹಿಡಿಯಲು ಓಡುವಾಗಲೂ ನಗುತ್ತಿದ್ದಳು.

ಡಿಸೆಂಬರ್ ನಡುವಿನಲ್ಲಿ ಬಣ್ಣದವರು ತಿರುಗಿ ಬಂದರು. ಹಳೇ ಬಣ್ಣವನ್ನೇ ಹೊಸದಾಗಿ ಹೊಡೆದು, ಹಳೇ ಬೋರ್ಡನ್ನೇ ಏರಿಸಿ ಹೋದರು. ಆಕೆ ಕತ್ತೆತ್ತಿ ಅದನ್ನೇ ನೋಡುತ್ತ ನಿಂತಿದ್ದಳು. "ಇನ್ನು ಎರಡು ವಾರ ಹಾಗೇ ಬಿಳಿ ಇದ್ದಿದ್ರೆ ಆಗ್ತಿತ್ತು ಸರ್" ಎಂದಳು.

ಮರುದಿನ ಹಿರಿಯ ಆಟೋ ನಿಲ್ಲಿಸಿ ಬೋರ್ಡು ನೋಡಿದ. ಸಾವಿನ ಮನೆಯ ಅಂಗಳದಲ್ಲಿ ನಿಲ್ಲುವಂತೆ ಟವೆಲ್ಲನ್ನು ಹೆಗಲಿನಿಂದ ಕೈಗೆ ತೆಗೆದುಕೊಂಡ.

"ಹೋದ್ರಾ?"

"ಯಾರಣ್ಣ?"

"ಬಿಳಿ ಕಂಪನಿಯವರು. ಒಳ್ಳೇದು ಕೊಡೋರು ಈ ಊರಲ್ಲಿ ನಿಲ್ಲಲ್ಲ ಬಿಡು." ದನಿ ಇಳಿಸಿದ. "ತಳದಲ್ಲಿ ಅವರದ್ದು ಒಂಚೂರಾದ್ರೂ ಉಳಿದಿರ್ಬೇಕಲ್ಲ ತಂಗಿ?"

ಆಕೆ ಗಾಜಿನಾಚೆಯಿಂದ ನನ್ನನ್ನು ನೋಡಿದಳು. ನಾನು ಪುಸ್ತಕ ನೋಡಿದೆ.

"ಅಣ್ಣ, ಇಷ್ಟು ದಿನ ಹಾಕಿದ್ದನ್ನೇ ಹಾಕ್ತೀನಿ. ನಾನು ಇಲ್ಲಿ ಇರೋವರೆಗೆ."

"ಇರೋವರೆಗೆ ಅಂದ್ರೆ?"

"ಹೊಸ ವರ್ಷಕ್ಕೆ ನನ್ನ ಬಿಡಿಸ್ತಾರೆ."

ಅವನು ಹಾಕಿಸಿಕೊಂಡು ನೇರ ನನ್ನ ಕೋಣೆಗೆ ಬಂದ. "ಮ್ಯಾನೇಜರ್ರೇ, ಅವಳನ್ನ ಬಿಡಿಸಿದ ದಿನ ಸ್ಟ್ಯಾಂಡು ಕೆಳಗೆ ಹೋಗುತ್ತೆ. ಬಿಳಿ ಕಂಪನೀದು ಯಾವ ಪೈಪಲ್ಲಿ ಬರುತ್ತೆ ಅಂತ ಗೊತ್ತಿರೋದು ಅವಳೊಬ್ಬಳಿಗೇ. ಮಾಲೀಕರಿಗೆ ಹೇಳಿ."

ಹೇಳಿದೆ. ಅವನು ಹೇಳಿದ್ದನ್ನು ಹೇಳಿದೆ, ನನ್ನದೇನೂ ಸೇರಿಸಲಿಲ್ಲ. ಮಾಲೀಕರು "ನೋಡೋಣ" ಎಂದಷ್ಟೇ ಹೇಳಿ ಫೋನಿಟ್ಟರು.

ಅಲ್ಲಿಂದ ಸಾಲು ಎರಡನೇ ಪಂಪಿಗೇ. ಒಂದನೇ ಪಂಪಿನ ಹಳಬ ಮನೆಯಿಂದ ಪೇಪರ್ ತರತೊಡಗಿದ. ಎರಡು ಪಂಪಿಗೂ ನೆಲದಡಿಯಲ್ಲಿ ಟ್ಯಾಂಕು ಒಂದೇ ಎಂದು ಇಬ್ಬರು ಮೂವರಿಗೆ ನಾನೇ ವಿವರಿಸಿದೆ. ಮ್ಯಾನೇಜರ್ ಆದವನು ಹಾಗೆ ಹೇಳಲೇಬೇಕಲ್ಲ ಎನ್ನುವಂತೆ ಅವರು ತಲೆಯಾಡಿಸಿದರು.

ಹೊಸ ವರ್ಷದ ದಿನ ಬೆಳಿಗ್ಗೆ ಮಾಲೀಕರ ಕಾರು ಬಂತು. ಆಕೆ ಸಮವಸ್ತ್ರದ ಕಾಲರ್ ಸರಿಮಾಡಿಕೊಂಡಳು. ನಾನೂ ಎದ್ದು ಹೊರಗೆ ಬಂದೆ. ಒಂದನೇ ಪಂಪು ಖಾಲಿ ಇತ್ತು. ಹಳಬ ಪೇಪರ್ ಮಡಿಸಿ, ಬನ್ನಿ ಎಂದು ಕೈ ಮಾಡಿದ. ಈ ಬಂಕಿನ ಪೆಟ್ರೋಲು ಎಲ್ಲಿಂದ ಬಂದು ಎಲ್ಲಿ ಸೇರುತ್ತದೆ ಎಂದು ಕೊಪ್ಪದಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲ ಮಾಲೀಕರು, ಅವನನ್ನು ದಾಟಿ ಮುಂದೆ ಹೋಗಿ, ಆಟೋಗಳ ಹಿಂದೆ ಸಾಲಿನಲ್ಲಿ ನಿಂತರು.

ಸರದಿ ಬಂದಾಗ ಗಾಜು ಇಳಿಸಿದರು. "ನೀನು ಎಲ್ಲಿಗೂ ಹೋಗೋದು ಬೇಡ, ಇಲ್ಲೇ ಇರು" ಎಂದರು. ಆಮೇಲೆ ನನ್ನ ಕಡೆ ಒಮ್ಮೆ ನೋಡಿ, ನನಗೆ ಕೇಳಿಸಬಾರದೆಂದು ದನಿ ತಗ್ಗಿಸಿ ಹೇಳಿದರು:

"ನಂಗೂ ಅದನ್ನೇ ಹಾಕಮ್ಮ."