ಏಳು ದೋಷಗಳ ಪಿಕಪ್ಪು

ಮನುಷ್ಯ ಮೋಸ ಹೋಗುವುದು ಎಲ್ಲವನ್ನೂ ಬರೆದಿಟ್ಟುಕೊಳ್ಳದ ಕಾರಣದಿಂದ ಎಂದು ನಾನು ನಂಬಿದ್ದೆ. ನನ್ನ ದಿನಚರಿಯಲ್ಲಿ ಎಮ್ಮೆ ಒದ್ದ ದಿನಗಳ ಲೆಕ್ಕ ಕೂಡ ಇದೆ. ಹೀಗಾಗಿ, ಹಳೆಯ ಪಿಕಪ್ಪು ಗಾಡಿಯೊಂದನ್ನು ಆರಿಸುವ ಕೆಲಸವನ್ನು ಅಪ್ಪ ನನಗೆ ಒಪ್ಪಿಸಿದಾಗ ನಾನು ಒಂದಿಷ್ಟೂ ಹೆದರಲಿಲ್ಲ. ಲೆಕ್ಕ ಬರೆಯಲು ಹೊಸ ವಹಿ ಹೊಲಿದೆ.

ನರೇಗಲ್‌ನಲ್ಲಿ ನಮ್ಮದು ಶೇಂಗಾ ಸುಲಿಯುವ ಯಂತ್ರ. ಸುಗ್ಗಿ ಬಂದರೆ ಅದನ್ನು ಊರೂರಿಗೆ ಒಯ್ಯಬೇಕು. ನಾಲ್ಕು ಎತ್ತು ಎಳೆದರೂ ಗಜೇಂದ್ರಗಡ ಮುಟ್ಟಲು ಒಂದೂವರೆ ದಿನ ಹಿಡಿಯುತ್ತಿತ್ತು.

“ಗಾಡಿ ಮಷಿನ್ ಎಳೀಬೇಕು. ದಿನಾ ಮುಂಜಾನೆ ತಕರಾರಿಲ್ಲದ ಶುರು ಆಗಬೇಕು,” ಎಂದರು ಅಪ್ಪ. “ಚಲೋದು ತಂದಿ ಅಂದ್ರ ಮಷಿನ್ ಕಾರಭಾರ ನಿನಗ. ಇಲ್ಲಾಂದ್ರ ನರಗುಂದದಾಗ ನಿಮ್ಮ ಸೋದರಮಾವನ ಅಂಗಡ್ಯಾಗ ತಕ್ಕಡಿ ಹಿಡಕೊಂಡು ಕೂಡು!”

ಆ ಸಂಜೆ ಹೆಂಡತಿ ನೀಲವ್ವನಿಗೆ ನನ್ನ ಪರೀಕ್ಷೆಯ ಕ್ರಮವನ್ನು ವಿವರಿಸಿದೆ. ನನಗೊಂದು ರೂಢಿ. ಬಲಗೈಯಲ್ಲಿ ಪೆನ್ಸಿಲ್ಲು ಇರುವುದರಿಂದ, ಎಣಿಸುವಾಗ ಎಡಗೈಯಿಂದ ಎದುರಿನವರ ಬೆರಳುಗಳನ್ನು ಒಂದೊಂದಾಗಿ ಹಿಡಿಯುತ್ತ ಹೋಗುತ್ತೇನೆ.

“ರೀ, ಬೆರಳು ಬಿಡ್ರಿ! ರೊಟ್ಟಿ ಹೊತ್ತಾಕತ್ತೈತಿ. ನಿಮಗ ದೇವರು ಬೆರಳು ಕೊಟ್ಟಿಲ್ಲೇನು?”

“ಲೆಕ್ಕ ಅಂದ ಮ್ಯಾಲ ಶಿಸ್ತು ಬೇಕಲಾ.”

“ಈ ಚಟಾನ ಒಂದಿನ ನಿಮ್ಮನ್ನ ಮುಳಗಸ್ತೈತಿ, ನೋಡ್ರಿ.”

ಹೆಂಗಸರಿಗೆ ಶಾಸ್ತ್ರೀಯ ಪದ್ಧತಿ ತಿಳಿಯದು ಎಂದು ಬರೆದುಕೊಂಡೆ.

ಸೋಮವಾರ, ನರಗುಂದ. ವಿಲಾಯತಿ ಕಂಪನಿಯ ಪಿಕಪ್ಪು. ಮೂತಿಗೆ ಸಿಕ್ಕಿಸುವ ಹ್ಯಾಂಡಲ್ ಮೂರು ಸುತ್ತು ತಿರುಗಿಸಿದರೆ ಎಂಜಿನ್ ಶುರು. ಜೋಳದ ಚೀಲ ಹೇರಿದ ಚಕ್ಕಡಿಯನ್ನು ಹಿಂದೆ ಕಟ್ಟಿದರೆ ಗುಡ್ಡದ ಬುಡದವರೆಗೆ ಎಳೆಯಿತು. ಐವತ್ತಕ್ಕೆ ನಲವತ್ತೊಂದು ಅಂಕ.

ಬುಧವಾರ, ಗಜೇಂದ್ರಗಡ. ಅಮೆರಿಕದ ಕಂಪನಿಯದು. ಎಳೆಯುವುದರಲ್ಲಿ ಆನೆ. ಆದರೆ ಏರು ಬಂದಾಗಲೆಲ್ಲ ನಾವು ಚಹಾ ಕುಡಿದು ಮುಗಿಸುವಷ್ಟು ಹೊತ್ತು ವಿಶ್ರಾಂತಿ ಕೇಳುತ್ತಿತ್ತು. ಮೂವತ್ತೆಂಟು.

ಶುಕ್ರವಾರ, ರೋಣ. ಯುದ್ಧದ ಕಾಲದ ಮಿಲಿಟರಿ ಗಾಡಿ. ತಾನು ಯಾವ ಕಂಪನಿಯದೆಂದು ಅದಕ್ಕೇ ಮರೆತುಹೋಗಿತ್ತು! ಒಂಬತ್ತು ಅಂಕ. ಅದರಲ್ಲಿ ನಾಲ್ಕು ಬಣ್ಣಕ್ಕೆ.

ನರಗುಂದದ್ದೇ ಎಂದು ತೀರ್ಮಾನವಾಯಿತು. ಅಷ್ಟಕ್ಕೇ ಮನೆಗೆ ಬಂದಿದ್ದರೆ ನಾನು ಇಂದು ಕಾರಭಾರಿ! ಆದರೆ ಕಾರಣ ತಿಳಿಸದೆ ತಿರಸ್ಕರಿಸುವುದು ಸಭ್ಯತೆಯಲ್ಲ ಅನ್ನಿಸಿತು.

ರೋಣದ ಗಾಡಿ ಮಾರುತ್ತಿದ್ದವರು ಮಕ್ತುಂಸಾಬರು. ಜೀವನವಿಡೀ ದನದ ಸಂತೆಯಲ್ಲಿ ದಲ್ಲಾಳಿ ಕೆಲಸ ಮಾಡಿದವರು. ನಾನೋ, ದನದ ಸಂತೆಯನ್ನು ದೂರದಿಂದ ಕೂಡ ಕಂಡವನಲ್ಲ.

“ಸಾಬರ, ನಿಮ್ಮ ಗಾಡ್ಯಾಗ ದೋಷ ಭಾಳ ಅದಾವ್ರಿ.”

“ಹೌದೇನ್ರಿ ಗೌಡ್ರ? ಹೇಳ್ರಿ, ಹೇಳ್ರಿ!” ಅವರು ನಗುತ್ತ ಹೆಗಲ ಮೇಲಿನ ಟಾವೆಲ್ಲನ್ನು ನನ್ನ ಎಡಗೈ ಮೇಲೆ ಹೊದಿಸಿ, ಕೆಳಗಿನಿಂದ ತಮ್ಮ ಕೈ ಕೊಟ್ಟರು. ಬಿಸಿಲಿಗೆ ನನ್ನ ಕೈ ಕಪ್ಪಾಗಬಾರದೆಂಬ ಕಾಳಜಿ ಎಂದುಕೊಂಡೆ. ಎಂಥ ಸಜ್ಜನರು!

ಬೆರಳು ಸಿಕ್ಕಿತಲ್ಲ, ಶುರು ಮಾಡಿದೆ.

“ಒಂದನೇದು, ಬ್ರೇಕಿಗೆ ಅರ್ಧ ಮೈಲು ಮೊದಲ ಹೇಳಿ ಇಡಬೇಕು.” ಹೆಬ್ಬೆರಳು ಹಿಡಿದೆ. “ಎರಡನೇದು, ಹಾರ್ನು ತನಗ ತಿಳದಾಗ ಒದರತೈತಿ.” ಸುತ್ತ ಜನ ಕೂಡಿದರು. “ಮೂರು, ಬಾಗಲಾ ಹಗ್ಗದ ಮ್ಯಾಲ ನಿಂತೈತಿ. ನಾಕು, ಊರಿಗೊಂದು ಕೊಡಾ ನೀರು ಕುಡೀತೈತಿ.” ಸಾಬರ ಕಣ್ಣು ಅಗಲವಾದವು. “ಐದು, ಹ್ಯಾಂಡಲ್ ಮೂವತ್ತೊಂದು ಸುತ್ತು!”

ಐದು ಬೆರಳು ಮುಗಿದವು. ದೋಷ ಮುಗಿದಿರಲಿಲ್ಲ. ಮತ್ತೆ ಹೆಬ್ಬೆರಳಿಗೆ ಬಂದೆ.

“ಆರು, ನಾಕು ಟಾಯರು ನಾಕು ತಲಿಮಾರಿನವು. ಏಳು, ಮಷಿನ್ ಎಳ್ಯಾಕ ಹಿಂದ ಕೊಕ್ಕೇನ ಇಲ್ಲ!”

“ಆತು! ಏಳು ನೂರು!” ಸಾಬರು ಟಾವೆಲ್ಲು ಝಾಡಿಸಿ ಹೆಗಲಿಗೇರಿಸಿದರು. “ಗಾಡಿ ನಿಮ್ದು!”

ಜನ ಭೇಷ್ ಅಂದರು. ನನಗೆ ಏನೂ ತಿಳಿಯಲಿಲ್ಲ. ಒಬ್ಬ ಹಿರಿಯರು ತಿಳಿಸಿಕೊಟ್ಟರು. ಸಂತೆಯಲ್ಲಿ ದರವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ವಸ್ತ್ರದ ಕೆಳಗೆ ಹಿಡಿದ ಒಂದೊಂದು ಬೆರಳೂ ಒಂದೊಂದು ನೂರು! ಮಾರುವವರು ‘ಆತು’ ಅಂದರೆ ವ್ಯಾಪಾರ ಮುಗಿದಂತೆ.

“ಸಾಬರ, ನಾ ದೋಷ ಎಣಿಸಿದ್ದು!”

“ಎಲ್ಲಾರೂ ಹಂಗ ಮಾಡ್ತಾರ್ರಿ. ಬಾಯಿಲೆ ಬೈತಾರ, ಬೆರಳಿಲೆ ಏರಸ್ತಾರ.” ಅವರು ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು. “ಖರೇ ಹೇಳ್ಲಿ? ನಾ ಮೂರಕ್ಕ ಬಿಡಾವ ಇದ್ದೆ. ಆದ್ರ ನಿಮ್ಮಂಥ ದಿಲ್‌ದಾರ್ ಗಿರಾಕಿ ನಾ ನೋಡಿಲ್ಲ!”

ಗಾಡಿ ಏಳೂ ದೋಷಗಳನ್ನು ದಾರಿಯುದ್ದಕ್ಕೂ ಒಂದೊಂದಾಗಿ ಸಾಬೀತುಪಡಿಸುತ್ತ ನರೇಗಲ್ಲಿಗೆ ಬಂತು. ನನ್ನ ಲೆಕ್ಕ ತಪ್ಪಿರಲಿಲ್ಲ ಎಂಬುದೊಂದೇ ಸಮಾಧಾನ. ಅಪ್ಪ ವಹಿಯನ್ನು ಪೂರ್ತಿ ಓದಿದರು.

“ಏಳು ದೋಷಾ?”

“ಹೌದಪ್ಪಾ.”

“ಏಳು ನೂರು?”

“ಹೌದಪ್ಪಾ.”

“ಪುಣ್ಯಾ ಮಾಡೀನಿ. ಎಂಟನೇದು ನಿನ್ನ ಕಣ್ಣಿಗೆ ಬೀಳಲಿಲ್ಲ!”

ಸಾಬರಿಗೆ ತಿರುಗಿ ಕೊಟ್ಟು ಬರಲೇ ಎಂದು ಕೇಳಿದೆ. “ಅರಿವಿ ಕೆಳಗ ಕೊಟ್ಟ ಮಾತು. ನಮ್ಮ ಮನಿತನದಾಗ ಯಾರೂ ತಿರುಗಿ ತಗೊಂಡಿಲ್ಲ,” ಎಂದು ಅಪ್ಪ ಕಮ್ಮಾರನಿಗೆ ಕೊಕ್ಕೆ ಮಾಡಲು ಹೇಳಿದರು.

ಯಂತ್ರದ ಕಾರಭಾರ ನನಗೆ ಸಿಗಲಿಲ್ಲ. ತಕ್ಕಡಿಯೂ ಸಿಗಲಿಲ್ಲ. “ಅವ ನಮ್ಮ ಗಿರಾಕಿಗಳ ಬೆರಳು ಹಿಡದಾನು, ಬ್ಯಾಡ,” ಎಂದು ಸೋದರಮಾವ ಹೇಳಿ ಕಳಿಸಿದರಂತೆ. ನನಗೆಂದೇ ಒಂದು ಹೊಸ ಹುದ್ದೆ ಹುಟ್ಟಿತು: ಮುಂಜಾನೆ ಎದ್ದು ಹ್ಯಾಂಡಲ್ ತಿರುಗಿಸುವುದು.

ಇಂದು ನಲವತ್ತಾರು ಸುತ್ತು. ಬೆವರು ಒರೆಸಿಕೊಂಡು, ಬರೆದಿಡೋಣವೆಂದು ವಹಿ, ಪೆನ್ಸಿಲ್ಲು ತೆಗೆದೆ.

ಬಾಗಿಲಲ್ಲಿ ನಿಂತಿದ್ದ ನೀಲವ್ವ ತಟ್ಟನೆ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.