ಬೆರಳ ತುದಿಯ ಸಕ್ಕರೆ

ಇದು ಹೋದ ವರ್ಷ ಕಬ್ಬು ಕಡಿಯುವ ಕಾಲದಲ್ಲಿ ನಡೆದದ್ದು. ಆಗ ನಾನು ಬಸುರಿ, ಆರು ತಿಂಗಳು ತುಂಬಿ ಏಳಕ್ಕೆ ಬಿದ್ದಿತ್ತು. ನಾನು ಓದಿದ್ದು ಬಿ.ಎಸ್ಸಿ., ಮದುವೆಯಾಗಿ ಬಂದದ್ದು ಶೀಳನೆರೆ ಹತ್ತಿರ ಆಲೆಮನೆ ಇಟ್ಟುಕೊಂಡವರ ಮನೆಗೆ. ಬೆಲ್ಲ ಕಾಯಿಸುವ ಮನೆಯಲ್ಲಿ ಕೂತು ರಕ್ತದ ಸಕ್ಕರೆ ಅಳೆಯಲು ಹೊರಟರೆ ಪ್ರಸಂಗಗಳು ತಾವಾಗಿಯೇ ಹುಟ್ಟುತ್ತವೆ.

ಕೆರೆಗೆ ಟ್ಯಾಂಕರ್

ಕೆ.ಆರ್. ಪೇಟೆಯ ಆಸ್ಪತ್ರೆಯಲ್ಲಿ ನರ್ಸ್ ಒಂದು ಲೋಟ ಗ್ಲೂಕೋಸ್ ನೀರು ಕೊಟ್ಟು, "ಕುಡೀರಿ. ಎರಡು ಗಂಟೆ ಬಿಟ್ಟು ರಕ್ತ ತಗೋತೀವಿ" ಎಂದರು. ಜೊತೆಗೆ ಬಂದಿದ್ದ ನಮ್ಮ ಅತ್ತೆ ಲೋಟಕ್ಕೆ ಕೈ ಅಡ್ಡ ಹಿಡಿದರು.

"ಏನವ್ವ ಇದು?"

"ಸಕ್ಕರೆ ಕಾಯಿಲೆ ಇದೆಯಾ ಅಂತ ನೋಡೋಕಮ್ಮ."

"ಅದುಕ್ಕೆ ಸಕ್ಕರೆ ನೀರೇ ಕುಡಿಸದಾ? ಕೆರೇಲಿ ನೀರೈತಾ ಅಂತ ನೋಡಕ್ಕೆ ಯಾರಾರ ಟ್ಯಾಂಕರ್ ತಂದು ಸುರೀತಾರಾ?"

ನರ್ಸ್ ನಗಲಿಲ್ಲ. ಸಾಲಿನಲ್ಲಿ ಕೂತಿದ್ದ ಬಸುರಿಯರೆಲ್ಲ ಲೋಟ ಕೆಳಗಿಟ್ಟರು.

ಸಕ್ಕರೆ ಹಾಕಿಲ್ಲ

ನನ್ನ ಅಂಕಿ ಮಿತಿಗಿಂತ ತುಸು ಮೇಲೆ ಬಂತು. ಒಂದು ವಾರ ಪಥ್ಯ ಮಾಡಿ, ಮನೆಯಲ್ಲೇ ಬೆರಳು ಚುಚ್ಚಿ ನೋಡಲು ಡಾಕ್ಟರಮ್ಮ ಹೇಳಿದರು. ಊಟವಾಗಿ ಎರಡು ಗಂಟೆ ಕಳೆದ ಮೇಲೆ ನೂರ ಇಪ್ಪತ್ತರೊಳಗೆ ಇದ್ದರೆ ಸರಿ, ಮೀರುತ್ತಲೇ ಇದ್ದರೆ ಇನ್ಸುಲಿನ್. ಹತೋಟಿ ತಪ್ಪಿದರೆ ಮಗುವಿಗೆ ತೊಂದರೆ ಎಂದರು. ಆ ಕೊನೆಯ ಮಾತು ವಾರವಿಡೀ ನನ್ನ ಜೊತೆಗಿತ್ತು.

ನಮ್ಮ ಕಡೆ ಬಸುರಿಯನ್ನು ನೋಡಲು ಯಾರೂ ಬರಿಗೈಯಲ್ಲಿ ಬರುವುದಿಲ್ಲ. ನಾಗಮಂಗಲದಿಂದ ಮಾವನ ತಂಗಿ ಡಬ್ಬಿ ತುಂಬ ತಂಬಿಟ್ಟು ತಂದರು. ಪಥ್ಯ ಎಂದೆ.

"ಗೊತ್ತು ಕಣವ್ವ. ಅದುಕ್ಕೇ ಒಂದು ಚೂರೂ ಸಕ್ಕರೆ ಹಾಕಿಲ್ಲ. ಬರೀ ಬೆಲ್ಲ."

"ರಕ್ತಕ್ಕೆ ಎರಡೂ ಒಂದೇ" ಎಂದೆ.

ಜಗಲಿಯಿಂದ ಮಾವ ಎದ್ದು ಬಂದರು. "ನಮ್ಮಪ್ಪ ದಿನಾ ಬೆಲ್ಲ ತಿಂದ್ಕಂಡೇ ಗಟ್ಟಿಯಾಗಿದ್ದ. ಇದೆಲ್ಲಾ ಓದಿರೋರ ಕಾಯಿಲೆ ಬುಡವ್ವ. ತಂದಿದ್ದು ಹಾಳಾಗಬಾರ್ದು, ಇತ್ತ ಕೊಡು."

ಆ ವಾರ ಬಂದ ಕಜ್ಜಾಯ, ಚಿಗಳಿ, ಒಬ್ಬಟ್ಟು ಎಲ್ಲವೂ ಹೀಗೆಯೇ ಮಾವನ ಹೊಟ್ಟೆ ಸೇರಿದವು. ತಿಂದ ಮೇಲೆ ಚೊಂಬುಗಟ್ಟಲೆ ನೀರು ಕುಡಿದು, ಆ ಚಳಿಯಲ್ಲೂ ಸೆಕೆ ಎನ್ನುತ್ತಿದ್ದರು. ಬಸುರಿ ನಾನು, ಬಯಕೆ ತೀರಿದ್ದು ಅವರಿಗೆ.

ಅತ್ತೆ ಹಿಡಿದ ಬೆರಳು

ಸೂಜಿ ಚುಚ್ಚುವಾಗ ಬಸುರಿಯನ್ನು ಒಂಟಿಯಾಗಿ ಬಿಡಬಾರದು ಎಂಬುದು ಅತ್ತೆಯ ಕಟ್ಟಳೆ. ನಾನು ಸೋಪು ಹಾಕಿ ಕೈ ತೊಳೆದು ಕೂತರೆ ಸಾಕು, ಎಲ್ಲಿದ್ದರೂ ಓಡಿ ಬಂದು ನನ್ನ ಬೆರಳನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಚುಚ್ಚುತ್ತಿದ್ದುದು ನನಗೆ, ಚೀರುತ್ತಿದ್ದುದು ಅವರು.

ವಾರದ ಕೊನೆಯ ದಿನ. ಅದುವರೆಗೆ ಒಂದು ಅಂಕಿಯೂ ಮಿತಿ ಮೀರಿರಲಿಲ್ಲ. ಮಧ್ಯಾಹ್ನ ಅತ್ತೆ ಆಲೆಮನೆಯಿಂದ ಓಡಿ ಬಂದು ಬೆರಳು ಹಿಡಿದರು. ಚುಚ್ಚಿದೆ. ಮುನ್ನೂರ ನಲವತ್ತು.

ಮಗು ಅಲುಗುತ್ತಿದೆಯೇ ಎಂದು ಹೊಟ್ಟೆಯ ಮೇಲೆ ಕೈಯಿಟ್ಟೆ. ಅಲುಗಲಿಲ್ಲ. ಅತ್ತೆ ಅಳತೊಡಗಿದರು. ಮಾವ ಕಾರಿನ ಕೀ ಹುಡುಕುತ್ತ, "ಏನವ್ವ ತಿಂದೆ? ನಿಜ ಹೇಳ್ಬುಡು!" ಎಂದರು.

"ಅರ್ಧ ಮುದ್ದೆ, ಉಪ್ಸಾರು."

"ಅಷ್ಟೇಯಾ?"

"ಮಿಕ್ಕಿದ್ದೆಲ್ಲ ನೀವೇ ತಿಂದ್ರಲ್ಲ ಮಾವ."

ಚಪ್ಪಲಿ ಮೆಟ್ಟಲು ಬಾಗಿದಾಗ ಮಗು ಒದೆಯಿತು. ಹೊಟ್ಟೆ ಹಿಡಿದುಕೊಂಡೆ. ಚುಚ್ಚಿದ ಬೆರಳಿನ ಮೇಲೆ ಒಂದು ಇರುವೆ ಕಂಡಿತು. ಅತ್ತೆಯ ಅಂಗೈ ಹಿಡಿದು ತಿರುಗಿಸಿದೆ. ಬೆಲ್ಲದ ಪಾಕ ಒಣಗಿ ಅಂಟಿತ್ತು.

ಮತ್ತೆ ಕೈ ತೊಳೆದು ಬೇರೆ ಬೆರಳು ಚುಚ್ಚಿದೆ. ಅತ್ತೆ ಕೈ ಹಿಂದೆ ಕಟ್ಟಿಕೊಂಡು ದೂರದಿಂದಲೇ ಚೀರಿದರು. ನೂರ ಎಂಟು.

ಮಾವನ ಸರದಿ

ಮಾವ ಜಗಲಿ ನಡುಗುವಂತೆ ನಕ್ಕರು. "ಮನೆ ಮಂದೀನೆಲ್ಲಾ ಎದರ್ಸಿಬುಟ್ಟಲ್ಲೇ!" ಎಂದು ಅತ್ತೆಯನ್ನು ಬೈದು ನನ್ನ ಮುಂದೆ ಬೆರಳು ಚಾಚಿದರು. "ನಂದೂ ನೋಡವ್ವ. ಕಲ್ಲು ಇದ್ದಂಗಿವ್ನಿ."

ಇನ್ನೂರ ಎಂಬತ್ತಾರು.

"ನಾನೂ ಬೆಲ್ಲ ಮುಟ್ಟಿವ್ನಲ್ಲ, ಅಂಟೈತೆ."

ಸೋಪಿನಲ್ಲಿ ಕೈ ತೊಳೆಸಿದೆ. ಇನ್ನೂರ ಎಂಬತ್ತನಾಲ್ಕು.

"ತಡಿ, ಸರಿಯಾಗಿ ತೊಳೀತೀನಿ." ಬೂದಿ ಹಾಕಿ ಮೊಣಕೈವರೆಗೂ ಉಜ್ಜಿದರು. ಅತ್ತೆ ನೀರು ಹೊಯ್ದರು, ಬೆರಳು ಮಾತ್ರ ಮುಟ್ಟಲಿಲ್ಲ. ಮತ್ತೆ ಚುಚ್ಚಿದರೂ ಅಂಕಿ ಕದಲಲಿಲ್ಲ.

ಮರುದಿನ ಮಾವನನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನನಗೆ ಇನ್ಸುಲಿನ್ ಬೇಡ, ಪಥ್ಯವೇ ಸಾಕು ಎಂದರು ಡಾಕ್ಟರಮ್ಮ. ಅತ್ತೆ ಅಲ್ಲೇ ನಿಂತು ಕೈಮುಗಿದರು. ನರ್ಸ್ ಮಾವನ ಬೆರಳಿಗೆ ಕೈ ಹಾಕಿದಾಗ ಅವರು ಕೈ ಹಿಂದಕ್ಕೆಳೆದುಕೊಂಡು ಅಂಗಿಯ ತೋಳು ಮಡಚಿದರು.

"ಬೆರಳು ಬ್ಯಾಡ ಕಣವ್ವ, ಇಲ್ಲಿಂದ ತಗೊ. ತೋಳಲ್ಲಿ ಯಾರೂ ಬೆಲ್ಲ ಮುಟ್ಟಕಿಲ್ಲ."

ತೋಳಿನಿಂದಲೇ ತೆಗೆದರು. ಇನ್ನೂರ ಎಂಬತ್ತೆರಡು.