ಪರಮಾನಂದರು ನೀರು ಹುಡುಕಿ ಹೊರಟಿದ್ದು

ಉಡುಪಿಯಿಂದ ಗೋಕರ್ಣದವರೆಗೆ ಸಮುದ್ರ ನೋಡಿ ಬರುತ್ತೇವೆ, ಮೂರು ದಿನ ತುಳಸಿ ಗಿಡಕ್ಕೆ ನೀರು ಹಾಕಿ ಎಂದು ಹೆಂಡತಿ ನೀಲಾಂಬಿಕಾ ಕೆಳಗಿನ ಮನೆಯ ಕೃಷ್ಣಮ್ಮನಿಗೆ ಹೇಳದೇ ಇದ್ದಿದ್ದರೆ, ಪರಮಾನಂದರು ಆ ಶನಿವಾರ ಸಂಜೆಯ ಹೊತ್ತಿಗೆ ಉಡುಪಿಯ ಕಡಲಲ್ಲಿ ಕಾಲು ತೋಯಿಸಿಕೊಂಡು ನಿಂತಿರುತ್ತಿದ್ದರು.

ಪರಮಾನಂದರು ಪೀಣ್ಯದ ಸ್ಪ್ರಿಂಗ್ ಫ್ಯಾಕ್ಟರಿಯೊಂದರಲ್ಲಿ ಇನ್‌ಸ್ಪೆಕ್ಟರು. ಸ್ಪ್ರಿಂಗುಗಳನ್ನು ಒತ್ತಿ, ಎಳೆದು, ಸರಿಯಿಲ್ಲದ್ದನ್ನು ಕೆಂಪು ಡಬ್ಬಿಗೆ ಎಸೆಯುವುದರಲ್ಲೇ ಅವರ ತಲೆಗೂದಲು ಹಣ್ಣಾಗಿತ್ತು. ಹುಟ್ಟಿದ್ದು ಇಂಡಿ ಕಡೆಯ ಹಳ್ಳಿಯಲ್ಲಿ. ಅಲ್ಲಿ ಬಾವಿಗೆ ಕಲ್ಲು ಹಾಕಿದರೆ ಟಣ್ ಎನ್ನುತ್ತಿತ್ತೇ ಹೊರತು ಒಮ್ಮೆಯೂ ಬುಳುಂ ಎಂದದ್ದಿಲ್ಲ. ಬರುವ ತಿಂಗಳು ನಿವೃತ್ತಿ. ಆಮೇಲೆ ಬಾಗಿಲು ತೆಗೆದರೆ ಎದುರಿಗೆ ನೀರು ಕಾಣುವಂಥ ಊರಲ್ಲಿ ಇರಬೇಕು ಎನ್ನುವುದೊಂದೇ ಅವರ ಆಸೆ. ಉಡುಪಿ, ಕುಂದಾಪುರ, ಹೊನ್ನಾವರ, ಗೋಕರ್ಣ ಹೀಗೆ ದಂಡೆಗುಂಟ ಕಾರು ಓಡಿಸಿಕೊಂಡು ಹೋಗುವುದು, ಪ್ರತಿಯೊಂದು ಊರನ್ನೂ ಸ್ಪ್ರಿಂಗಿನ ಹಾಗೆ ಒತ್ತಿ ನೋಡುವುದು, ಪಾಸಾದ ಊರಲ್ಲಿ ಮನೆ ಮಾಡುವುದು. ಮೊಬೈಲಿನಲ್ಲಿ ನಕ್ಷೆ ನೋಡಿ ನೋಡಿ ಅವರ ಹೆಬ್ಬೆರಳೇ ಸಪಾಟಾಗಿತ್ತು.

ಇದನ್ನು ಅವರು ಹೆಂಡತಿಯನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ. ಫ್ಯಾಕ್ಟರಿಯಲ್ಲಿ ಆಡಿಟ್ ಎದುರಿಗಿದ್ದುದರಿಂದ ಮ್ಯಾನೇಜರು ರಜ ಕೊಡಲಿಲ್ಲ. ಹಾಗಾಗಿ ಜ್ವರ ಎಂದು ಹೇಳಿದ್ದರು. ಇನ್ನು ಹೇಳಲೇಬಾರದವರೆಂದರೆ ಮನೆ ಮಾಲೀಕ ನಲ್ಲಪ್ಪನವರು. ಚಿಕ್ಕಬಾಣಾವರದಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮೂರಂತಸ್ತು ಬೆಳೆದುಕೊಂಡು ಕೂತವರು. ಬಾಡಿಗೆದಾರರಿಗೆ ಬುದ್ಧಿ ಹೇಳುವುದನ್ನು ಬಿಟ್ಟರೆ ಬೇರೆ ಕಸುಬಿಲ್ಲ.

ಶನಿವಾರ ಬೆಳಗಾಗುತ್ತಲೇ ಪರಮಾನಂದರು ಕಾರಿನ ಡಿಕ್ಕಿಗೆ ಚೀಲ ತುಂಬುತ್ತಿದ್ದರು. ಗೇಟಿನ ಬಳಿ ನಲ್ಲಪ್ಪ ಪ್ರತ್ಯಕ್ಷರಾದರು. ಮೈಮೇಲೆ ಇಸ್ತ್ರಿಯ ಬಿಳಿ ಪಂಚೆ, ಶರ್ಟು, ಕೈಯಲ್ಲಿ ಬ್ಯಾಗು. ಹಿಂದೆಯೇ ಅವರ ಹೆಂಡತಿ ಕೃಷ್ಣಮ್ಮ, ರೇಷ್ಮೆ ಸೀರೆಯಲ್ಲಿ, ವಾಂತಿಯಾಗದಿರಲೆಂದು ನಿಂಬೆಹಣ್ಣು ಮೂಸುತ್ತ.

"ಅಲ್ಲಾ ಪರಮಾನಂದ್ರೇ, ನಮ್ಗೊಂದು ಮಾತು ಏಳ್ದಂಗೆ ಒಂಟ್ಬಿಟ್ರಲ್ಲ. ನಾನೂ ಸಮುದ್ರ ಕಂಡೋನಲ್ಲ. ತುಳಸಿಗೆ ಪಕ್ಕದ್ಮನೆಯೋರ್ಗೆ ಏಳಿದೀನಿ, ನಡೀರಿ," ಎಂದು ನಲ್ಲಪ್ಪ ಮುಂದಿನ ಸೀಟಿನಲ್ಲಿ ಕೂತು ಬೆಲ್ಟಿಗೆ ತಡಕಾಡತೊಡಗಿದರು.

ಮಾಲೀಕನನ್ನು ಇಳಿಯಿರಿ ಎನ್ನುವ ಧೈರ್ಯ ಯಾವ ಬಾಡಿಗೆದಾರನಿಗಿದೆ? ಪರಮಾನಂದರು ಹೆಂಡತಿಯತ್ತ ನೋಡಿದರು. ನೀಲಾಂಬಿಕಾ ಆಕಾಶದತ್ತ ನೋಡಿದರು.

ಹೆಸರಘಟ್ಟ ರಸ್ತೆಗೆ ಬರುವಷ್ಟರಲ್ಲಿ ನಲ್ಲಪ್ಪ ಕಾರಿನ ಗಾಜು ಇಳಿಸಿ, ಕಂಡ ಕಂಡವರನ್ನೆಲ್ಲ ಮಾತಾಡಿಸಲು ಶುರುಮಾಡಿದ್ದರು. ಹಾಲಿನವನಿಗೆ, ಹೂವಿನವಳಿಗೆ, ಪಂಕ್ಚರ್ ಅಂಗಡಿಯವನಿಗೆ ಎಲ್ಲರಿಗೂ ಒಂದೇ ಸುದ್ದಿ. "ಪರಮಾನಂದ್ರು ಸಮುದ್ರ ತಗೊಳ್ಳಕ್ಕೆ ಓಯ್ತಾವ್ರೆ."

ಎಂಟನೇ ಮೈಲಿ ಜಂಕ್ಷನ್ನಿನಲ್ಲಿ ಎಂದಿನಂತೆ ಲಾರಿಗಳು ಹಗ್ಗ ಬಿಚ್ಚಿದ ಎಮ್ಮೆಗಳ ಹಾಗೆ ಅಡ್ಡಾದಿಡ್ಡಿ ನಿಂತಿದ್ದವು. ಕಾರು ಅಲ್ಲಾಡಲಿಲ್ಲ. ಪಕ್ಕದಲ್ಲಿ ಒಂದು ಬೈಕು ಬಂದು ನಿಂತಿತು. ಅದರ ಮೇಲೆ ಫ್ಯಾಕ್ಟರಿಗೆ ಹೊರಟಿದ್ದ ಅಂಜನ್, ಪರಮಾನಂದರ ಪಕ್ಕದ ಮೇಜಿನವನು. ಪರಮಾನಂದರು ಸ್ಟೀರಿಂಗ್ ಕೆಳಗೆ ಏನೋ ಬಿದ್ದವರಂತೆ ಬಗ್ಗಿದರು.

"ಸಾರ್, ಜ್ವರ ಅಂದ್ರಲ್ಲ?" ಅಂಜನ್ ಹೆಲ್ಮೆಟ್ ಎತ್ತಿ ಕೇಳಿದ.

ಪರಮಾನಂದರು ಕೆಮ್ಮುವ ಮೊದಲೇ ನಲ್ಲಪ್ಪ ಬಾಯಿ ಹಾಕಿದರು. ಜ್ವರಗಿರ ಏನೂ ಇಲ್ಲ, ಗುಂಡುಕಲ್ಲಿನಂಗವ್ರೆ ಎಂದು ಸರ್ಟಿಫಿಕೇಟ್ ಕೊಟ್ಟು, ಉಡುಪಿಯಿಂದ ಗೋಕರ್ಣದವರೆಗಿನ ಕಾರ್ಯಕ್ರಮವನ್ನು ಊರು ಊರಾಗಿ ವಿವರಿಸಿದರು. ಅಂಜನ್ ಬಹಳ ಭಕ್ತಿಯಿಂದ ಕೇಳಿಕೊಂಡು ಹೋದ.

ಕಾರು ನೆಲಮಂಗಲ ಮುಟ್ಟುವ ಮೊದಲೇ ಮ್ಯಾನೇಜರ ಫೋನು ಬಂತು. ಮನುಷ್ಯ ಬೈಯಲಿಲ್ಲ. ಸಮುದ್ರದ ಗಾಳಿಗೆ ಜ್ವರ ಬೇಗ ಇಳಿಯುತ್ತದಂತೆ, ನಾಳೆ ಭಾನುವಾರವಾದರೂ ಆಡಿಟ್ ಇದೆ, ಬೆಳಿಗ್ಗೆಯೇ ಬಂದುಬಿಡಿ ಎಂದಷ್ಟೇ ನಯವಾಗಿ ಹೇಳಿದರು. ಪರಮಾನಂದರು ಕಾರನ್ನು ರಸ್ತೆ ಪಕ್ಕಕ್ಕೆ ತಂದು ನಿಲ್ಲಿಸಿ ಮೊಬೈಲು ತೆಗೆದರು. ನಕ್ಷೆಯಲ್ಲಿ ಉಡುಪಿ ಇನ್ನೂ ಅಷ್ಟು ದೂರದಲ್ಲಿ ನೀಲಿಯಾಗಿ ಹೊಳೆಯುತ್ತಿತ್ತು.

ಅವರ ಮುಖ ನೋಡಿ ನಲ್ಲಪ್ಪನವರಿಗೂ ಪಾಪ ಅನ್ನಿಸಿತು. "ಸಮುದ್ರ ಎಲ್ಲಿಗ್ ಓಯ್ತದೆ, ಅಲ್ಲೇ ಇರ್ತದೆ ಬಿಡಿ. ಕುಣಿಗಲ್ ದಾಟಿದ್ರೆ ನಮ್ ಬಾಮೈದ ಶ್ಯಾಮಣ್ಣನ ಊರು. ಕೆರೆ ಐತೆ. ಅದೂ ನೀರೇ ತಾನೆ?"

ಕೆರೆ ನೋಡುವ ಮನಸ್ಸು ಪರಮಾನಂದರಿಗೆ ಎಳ್ಳಷ್ಟೂ ಇರಲಿಲ್ಲ. ಆದರೂ ಮನೆಗೆ ವಾಪಸು ಹೋಗಿ ಬೀದಿಯವರಿಗೆಲ್ಲ ಉತ್ತರ ಕೊಡುವುದಕ್ಕಿಂತ ಅದೇ ವಾಸಿ ಎಂದು ಗಾಡಿ ಬಿಟ್ಟರು.

ಶ್ಯಾಮಣ್ಣನ ಮನೆ ಊರಾಚೆಗಿತ್ತು. ಒಳಗೆ ಹೋಗಿ ಹಿತ್ತಿಲ ಬಾಗಿಲು ತೆಗೆದರೆ ನಾಲ್ಕು ಮೆಟ್ಟಿಲು, ಮೆಟ್ಟಿಲ ಬುಡಕ್ಕೇ ಕೆರೆ. ನೀರೆಂದರೆ ಕಣ್ಣು ಹರಿಯುವಷ್ಟೂ ನೀರು. ನೀರುಕಾಗೆಯೊಂದು ಬುಳುಕ್ಕನೆ ಮುಳುಗಿ ಎಲ್ಲೋ ದೂರದಲ್ಲಿ ಎದ್ದಿತು. ದಾರಿಯುದ್ದಕ್ಕೂ ಗೊಣಗಿದ್ದ ನೀಲಾಂಬಿಕಾ ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಟ್ಟರು.

"ಇಲ್ಲೇ ಇದ್ದಬಿಡೂಣೇನ್ರೀ?" ಅವರು ಮೆಲ್ಲಗೆ ಕೇಳಿದರು. ಮದುವೆಯಾದಾಗಿನಿಂದ ಹೆಂಡತಿ ತಮ್ಮ ಯೋಜನೆಯೊಂದಕ್ಕೆ ಹೂಂ ಎಂದದ್ದು ಇದೇ ಮೊದಲು. ಪರಮಾನಂದರ ಕಣ್ಣು ಒದ್ದೆಯಾಯಿತು.

ಅದೃಷ್ಟವೂ ಕೂಡಿಬಂತು. ಶ್ಯಾಮಣ್ಣ ತುಮಕೂರಿನ ಮಗಳ ಮನೆಗೆ ಹೋಗಿ ಇರುವವನಿದ್ದ, ಮನೆ ನೋಡಿಕೊಳ್ಳುವ ಜನ ಬೇಕಾಗಿತ್ತು. ಯಾರಾದರೂ ಸರಿ, ಭಾವ ಒಪ್ಪಿದರೆ ಕೊಡುತ್ತೇನೆ ಎಂದ. ಭಾವನೆಂದರೆ ನಲ್ಲಪ್ಪ. ನಲ್ಲಪ್ಪನವರೋ ಮೂಗು ಮುರಿಯುತ್ತ ನಿಂತಿದ್ದರು. ಸೊಳ್ಳೆ ಇರ್ತವೆ, ಆವು ಬರ್ತವೆ, ಥಂಡಿಗೆ ಮಂಡಿ ಇಡ್ಕೊಳ್ತದೆ, ಇಂಥ ಕಡೆ ಮನುಷ್ಯರು ಇರಕ್ಕಾಯ್ತದಾ ಎಂಬುದು ಅವರ ವಾದ.

ಪರಮಾನಂದರು ಪಂಚೆ ಎತ್ತಿ ಕಟ್ಟಿ ಕಣಕ್ಕಿಳಿದರು. ಪೀಣ್ಯದ ಕನ್ನಡ ಎಲ್ಲೋ ಹೋಗಿ ಇಂಡಿಯ ಕನ್ನಡ ಉಕ್ಕಿ ಬಂತು. "ನಲ್ಲಪ್ಪನೋರ, ಇಲ್ಲಿ ಒಂದ ಸಲ ಉಸರ ತಗೊಂಡ ನೋಡ್ರಿ. ನಿಮ್ಮ ಬಿಪಿ ಗುಳಿಗಿ ತಾವ ಬ್ಯಾಡ ಅಂತಾವು. ಅಲ್ಲಿ ಮೋಟಾರ್ ಕೆಟ್ಟೈತಿ, ಚರಂಡಿ ಕಟ್ಟೈತಿ ಅಂತ ಮುಂಜಾನಿಂದ ಬಾಗಲಾ ಬಡಿತಾರು. ಇಲ್ಲಿ ಬಡಿಯಾಕ ಯಾರದಾರ? ಇದನ್ನ ಬಿಟ್ಟ ಆ ಸಿಮೆಂಟಿನ್ಯಾಗ ಇರಾಂವ ಶಾಣ್ಯಾ ಏನ್ರಿ?"

ಸೊಳ್ಳೆಗೆ ಪರದೆ, ಹಾವಿಗೆ ಬೆಕ್ಕು, ಮಂಡಿಗೆ ಬೆಳಗಿನ ಬಿಸಿಲು ಎಂದು ಒಂದೊಂದಕ್ಕೂ ಉತ್ತರ ಕೊಟ್ಟರು. ಮುದ್ದೆ, ಬಸ್ಸಾರು ಉಣ್ಣುತ್ತಲೂ ಹೇಳಿದರು, ಕೈತೊಳೆಯುತ್ತಲೂ ಹೇಳಿದರು. ನಲ್ಲಪ್ಪ ಬರಬರುತ್ತ ಮಾತು ಕಡಿಮೆ ಮಾಡಿದರು. ಕೊನೆಗೆ ಎದ್ದು ಮೆಟ್ಟಿಲ ಮೇಲೆ ಹೋಗಿ ಕೂತು, ಬಹಳ ಹೊತ್ತು ನೀರನ್ನೇ ನೋಡಿದರು. ಗೆದ್ದೆ ಎಂದುಕೊಂಡು ಪರಮಾನಂದರು ಹೆಂಡತಿಗೆ ಕಣ್ಣು ಮಿಟುಕಿಸಿದರು.

ನಲ್ಲಪ್ಪ ಎದ್ದು ಬಂದು ಪರಮಾನಂದರ ಎರಡೂ ಕೈ ಹಿಡಿದುಕೊಂಡರು.

"ನೀವು ಏಳಿದ್ದು ನೂರಕ್ಕೆ ನೂರು ದಿಟ. ನಮ್ ಜೀವಮಾನದಾಗೆ ಯಾರೂ ಇಂಗೆ ಏಳಿರ್ಲಿಲ್ಲ. ಲೇ ಶ್ಯಾಮ, ಈ ಮನೆ ಯಾರ್ಗೂ ಕೊಡ್ಬೇಡ. ನಾನೂ ನಿಮ್ಮಕ್ಕನೂ ಇವತ್ನಿಂದ ಇಲ್ಲೇ." ಆಮೇಲೆ ಪರಮಾನಂದರ ಅಂಗೈಯಲ್ಲಿ ಬೀಗದ ಕೈ ಗೊಂಚಲನ್ನು ಇಟ್ಟರು. "ಬಿಲ್ಡಿಂಗ್ ನಿಮ್ ಕೈಲಿದ್ರೆ ನಂಗೆ ನೆಮ್ಮದಿ. ಎಂಗೂ ರಿಟೈರ್ ಆಯ್ತಿದೀರಿ, ಒತ್ತು ಓಗಬೇಕಲ್ಲ."

ಪರಮಾನಂದರು ಬಾಯಿ ತೆರೆದರು. ಆದರೆ ಮಾತಾಡಿದ್ದು ನೀಲಾಂಬಿಕಾ. ಹಾಗೇ ಆಗಲಿ, ನಾವು ನೋಡಿಕೊಳ್ಳುತ್ತೇವೆ ಎಂದು ಆಕೆ ಒಪ್ಪಿಯೇಬಿಟ್ಟಿದ್ದರು. ಮೂರಂತಸ್ತಿನ ಯಜಮಾನಿಕೆಯ ಮುಂದೆ ನಾಲ್ಕು ಮೆಟ್ಟಿಲ ನೀರು ಏನು ಮಹಾ.

ಹೊರಡುವಾಗ ಕೃಷ್ಣಮ್ಮ ಒಂದು ಚೀಲ ಅವರೆಕಾಯಿ ಕೊಟ್ಟು, ಬಿಡುವಾದಾಗ ಬಂದು ಕೆರೆ ನೋಡಿಕೊಂಡು ಹೋಗಿ ಎಂದರು.

ಕಾರು ಕುಣಿಗಲ್ ದಾಟಿರಲಿಲ್ಲ, ಪರಮಾನಂದರ ಫೋನು ರಿಂಗಾಯಿತು. ಹೊಸ ನಂಬರು.

"ಅಂಕಲ್, ನಾನು ಟಾಪ್ ಫ್ಲೋರ್ ಪ್ರಿಯಾಂಕಾ. ಇನ್ಮೇಲೆ ಏನಿದ್ರೂ ನಿಮಗೇ ಹೇಳ್ಬೇಕಂತೆ, ಓನರ್ ಈಗ ಗ್ರೂಪಲ್ಲಿ ಹಾಕಿದ್ರು. ಟ್ಯಾಂಕಲ್ಲಿ ಒಂದು ತೊಟ್ಟೂ ನೀರಿಲ್ಲ ಅಂಕಲ್. ಎಲ್ಲಿಂದಾದ್ರೂ ಹುಡುಕಿ ತರಿಸ್ತೀರಾ?"